ಕಾಮಿಕ್ಸ್ ವೀರರಲ್ಲಿ ಉತ್ತಮನಾರು, ಅಧಮನಾರು?

ಅಮೆರಿಕದ ಚಿತ್ರಕಥಾ ಪತ್ರಿಕೆಗಳಲ್ಲಿ ಹುಟ್ಟಿ ಇಂದು ಎಲ್ಲ ದೇಶಗಳ ಮಕ್ಕಳಿಗೂ ಪರಿಚಿತರಾಗಿರುವ ಅತಿಮಾನವ ವೀರರನ್ನು, ಅಂದರೆ ಸೂಪರ್ ಹೀರೋಗಳನ್ನು, ಉತ್ತಮರು ಅಧಮರೆಂದು ಸಾಲಾಗಿ ನಿಲ್ಲಿಸುವ ಪಟ್ಟಿಗಳಿಗೆ ಈಗ ಲೆಕ್ಕವಿಲ್ಲ. ಆದರೆ ಅವನ್ನು ತಯಾರಿಸುವವರ ಕೈಯಲ್ಲಿರುವ ಅಳತೆಗೋಲುಗಳು ಎರಡೇ. ಯಾರು ಯಾರನ್ನು ಹೊಡೆದುರುಳಿಸಬಲ್ಲರು ಎಂಬುದು ಒಂದು. ಯಾರ ಚಲನಚಿತ್ರ ಎಷ್ಟು ಹಣ ಗಳಿಸಿತು ಎಂಬುದು ಮತ್ತೊಂದು. ಮೊದಲನೆಯದು ಗರಡಿಮನೆಯ ಪ್ರಶ್ನೆ, ಎರಡನೆಯದು ಗಲ್ಲಾಪೆಟ್ಟಿಗೆಯ ಪ್ರಶ್ನೆ. ಗಲ್ಲಾಪೆಟ್ಟಿಗೆಯ ಬಗೆಗೆ ನನಗೆ ತಾತ್ಸಾರವೇನೂ ಇಲ್ಲ. ಜೀವಮಾನವೆಲ್ಲ ಅದರ ಹಿಂದೆಯೇ ಕುಳಿತವನು ನಾನು. ಆದರೆ ಸರಕಿನ ಧಾರಣೆ ಬೇರೆ, ಗುಣ ಬೇರೆ ಎಂಬುದನ್ನು ವರ್ತಕನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಲ್ಪಿತ ವೀರನ ಬಲವನ್ನು ಅಳೆಯುವುದು ವ್ಯರ್ಥವಾದ ಶ್ರಮ. ಅದು ಲೇಖಕನ ಲೇಖನಿಯಿಂದ ಬಿಟ್ಟಿಯಾಗಿ ಬರುವ ವಸ್ತು. ಇಂದು ಬೆಟ್ಟವನ್ನು ಎತ್ತಿದವನು ನಾಳೆ ಗ್ರಹವನ್ನೇ ಎತ್ತಿದರೆ ಕಾಗದಕ್ಕೇನೂ ಭಾರವಾಗುವುದಿಲ್ಲ. ಕಥೆಯಲ್ಲಿ ಸುಲಭವಾಗಿ ದೊರೆಯದ ವಸ್ತು ಒಂದೇ: ತನ್ನನ್ನು ತಡೆಯುವವರು ಯಾರೂ ಇಲ್ಲದ ಗಳಿಗೆಯಲ್ಲಿ ಆ ವೀರನು ತನ್ನನ್ನು ತಾನೇ ತಡೆದುಕೊಳ್ಳುವನೇ ಎಂಬುದು. ಈ ಅಳತೆಯಿಂದ ನೋಡಿದಾಗ ಇವರೆಲ್ಲರಲ್ಲಿ ಅಧಮನು 'ಪನಿಷರ್' ಎಂಬ ಹೆಸರಿನವನು, ಉತ್ತಮನು ಸ್ಪೈಡರ್‌ಮ್ಯಾನ್. ಇವರಿಬ್ಬರೂ ಒಂದೇ ಪ್ರಕಾಶನ ಸಂಸ್ಥೆಯವರು, ಒಂದೇ ನ್ಯೂಯಾರ್ಕ್ ನಗರದವರು, ಒಂದೇ ಬಗೆಯ ದುಃಖವನ್ನುಂಡವರು. ಆದುದರಿಂದಲೇ ಇವರನ್ನು ಜೊತೆಯಲ್ಲಿಟ್ಟು ನೋಡಬೇಕೆನ್ನುತ್ತೇನೆ.

ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1962ರ ಆಗಸ್ಟ್ ತಿಂಗಳ 'ಅಮೇಜಿಂಗ್ ಫ್ಯಾಂಟಸಿ' ಪತ್ರಿಕೆಯ 15ನೆಯ ಸಂಚಿಕೆಯಲ್ಲಿ. ಸ್ಟ್ಯಾನ್ ಲೀ ಬರೆದು ಸ್ಟೀವ್ ಡಿಟ್ಕೊ ಚಿತ್ರಿಸಿದ ಆ ಕಥೆ 11 ಪುಟಗಳದು. ದೊಡ್ಡಪ್ಪ ದೊಡ್ಡಮ್ಮಂದಿರ ಆಶ್ರಯದಲ್ಲಿ ಬೆಳೆದ ಪೀಟರ್ ಪಾರ್ಕರ್ ಎಂಬ ತಬ್ಬಲಿ ಹುಡುಗನಿಗೆ ವಿಕಿರಣಪೂರಿತ ಜೇಡವೊಂದು ಕಚ್ಚಿ ಅದ್ಭುತ ಶಕ್ತಿ ಬರುತ್ತದೆ. ಬಂದ ಶಕ್ತಿಯಿಂದ ಅವನು ಮೊದಲು ಮಾಡುವುದು ಲೋಕೋದ್ಧಾರವನ್ನಲ್ಲ, ಸಂಪಾದನೆಯನ್ನು. ದೂರದರ್ಶನದಲ್ಲಿ ಪ್ರದರ್ಶನ ಕೊಟ್ಟು ಹೆಸರು ಗಳಿಸುತ್ತಾನೆ. ಒಂದು ದಿನ ಕಳ್ಳನೊಬ್ಬ ಅವನೆದುರಿಗೇ ಓಡಿಹೋಗುತ್ತಾನೆ. ಅಟ್ಟಿಸಿಕೊಂಡು ಬಂದ ಕಾವಲುಗಾರ ಹಿಡಿಯೆಂದು ಕೂಗಿದರೂ ಹುಡುಗ ಕೈ ಚಾಚುವುದಿಲ್ಲ. ಅದು ತನ್ನ ಕೆಲಸವಲ್ಲವೆಂಬ ಭಾವ. ಮುಂದೆ ಅದೇ ಕಳ್ಳನ ಗುಂಡಿಗೆ ಹುಡುಗನ ದೊಡ್ಡಪ್ಪ ಬಲಿಯಾಗುತ್ತಾನೆ. ಆ ರಾತ್ರಿ ಕೊಲೆಗಾರನನ್ನು ಹುಡುಕಿ ಹಿಡಿದು ಮುಖ ನೋಡಿದಾಗ ಪೀಟರನಿಗೆ ಗುರುತು ಹತ್ತುತ್ತದೆ. ಸುತ್ತ ಯಾರೂ ಇಲ್ಲ, ಕತ್ತಲೆ, ಎದುರಿಗೆ ತಂದೆಯ ಸಮಾನನಾದವನನ್ನು ಕೊಂದವನು, ಕೈಯಲ್ಲಿ ಅಪರಿಮಿತ ಬಲ. ಅವನು ಆ ಕಳ್ಳನನ್ನು ಬಲೆಯಲ್ಲಿ ಕಟ್ಟಿ ಪೊಲೀಸರಿಗೆ ಸಿಗುವಂತೆ ಇಳಿಬಿಟ್ಟು ಹೊರಟುಹೋಗುತ್ತಾನೆ.

ಸಾಮರ್ಥ್ಯ ಮತ್ತು ಹೊಣೆಗಾರಿಕೆಗಳ ಬಗೆಗಿನ ಪ್ರಸಿದ್ಧ ವಾಕ್ಯವನ್ನು ದೊಡ್ಡಪ್ಪನೇ ನುಡಿದನೆಂದು ಚಲನಚಿತ್ರಗಳನ್ನು ನೋಡಿದವರು ನಂಬಿದ್ದಾರೆ. ಮೂಲ ಕಥೆಯಲ್ಲಿ ಅದನ್ನು ಯಾವ ಹಿರಿಯನೂ ಬೋಧಿಸುವುದಿಲ್ಲ. ಕೊನೆಯ ಚೌಕದಲ್ಲಿ, ತಲೆ ತಗ್ಗಿಸಿ ಒಬ್ಬನೇ ನಡೆದುಹೋಗುವ ಹುಡುಗನ ಚಿತ್ರದ ಮೇಲೆ, ನಿರೂಪಕನ ಮಾತಾಗಿ ಅದು ಬರುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ. ಹಿರಿಯರು ಹೇಳಿದ್ದನ್ನು ಪಾಲಿಸುವುದು ವಿಧೇಯತೆ. ತಾನು ಮಾಡದೆ ಬಿಟ್ಟುದರ ಫಲವನ್ನು ಕಂಡು ತಾನೇ ಅರಿಯುವುದು ವಿವೇಕ. ಇತರ ವೀರರ ಕಥೆಗಳು ಅನ್ಯರು ಮಾಡಿದ ಪಾಪದಿಂದ ತೊಡಗುತ್ತವೆ. ಈ ಕಥೆ ತಾನು ತೋರಿದ ಉಪೇಕ್ಷೆಯಿಂದ ತೊಡಗುತ್ತದೆ. ಆದುದರಿಂದಲೇ ಇವನ ಕೋಪ ಲೋಕದ ಮೇಲೆ ತಿರುಗುವುದಿಲ್ಲ.

ಈ ಸಂಯಮಕ್ಕೆ ಕಠಿಣವಾದ ಪರೀಕ್ಷೆ ಬಂದುದು 1973ರಲ್ಲಿ. ಆ ವರ್ಷದ ಜೂನ್ ತಿಂಗಳ 121ನೆಯ ಸಂಚಿಕೆಯಲ್ಲಿ ಗ್ರೀನ್ ಗಾಬ್ಲಿನ್ ಎಂಬ ಖಳನು ಸ್ಪೈಡರ್‌ಮ್ಯಾನನ ಪ್ರಿಯೆ ಗ್ವೆನ್ ಸ್ಟೇಸಿಯನ್ನು ಸೇತುವೆಯ ಮೇಲಿಂದ ಕೆಡಹುತ್ತಾನೆ. ನಾಯಕ ಎಸೆದ ಜೇಡರ ಎಳೆ ಅವಳ ಕಾಲಿಗೆ ಸಿಕ್ಕುತ್ತದೆ, ಆದರೆ ಮೇಲೆಳೆದುಕೊಂಡಾಗ ಅವಳಲ್ಲಿ ಪ್ರಾಣವಿರುವುದಿಲ್ಲ. ಬಿದ್ದುದರಿಂದ ಸತ್ತಳೋ, ತಡೆದ ಎಳೆಯ ಜಗ್ಗಿಗೆ ಕತ್ತು ಮುರಿದು ಸತ್ತಳೋ ಎಂದು ಓದುಗರು ದಶಕಗಳ ಕಾಲ ವಾದಿಸಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಅವನು ಖಳನನ್ನು ಅಟ್ಟಿ ಹಿಡಿದು, ಮೈಮರೆತು ಬಡಿದು, ಇನ್ನೇನು ಕೊಂದೇಬಿಟ್ಟನೆನ್ನುವಲ್ಲಿಗೆ ಬಂದು, ತಾನು ಏನಾಗುತ್ತಿದ್ದೇನೆಂದು ಬೆಚ್ಚಿ ಕೈ ನಿಲ್ಲಿಸುತ್ತಾನೆ. ಗಾಬ್ಲಿನ್ ಸಾಯುವುದು ನಿಜ. ಆದರೆ ಅವನು ನಾಯಕನ ಬೆನ್ನಿಗೆ ಗುರಿಯಿಟ್ಟು ಕಳಿಸಿದ ತನ್ನದೇ ಹಾರುಯಂತ್ರ ಬಂದು ತಾಗಿ ಸಾಯುತ್ತಾನೆ.

ಈ ಎರಡು ಸಂಚಿಕೆಗಳನ್ನು ಬರೆದವರು ಜೆರಿ ಕಾನ್ವೇ ಎಂಬ, ಆಗಿನ್ನೂ ಇಪ್ಪತ್ತು ವರ್ಷದ ತರುಣ ಲೇಖಕರು. ಅದೇ ಕಾನ್ವೇಯವರು, ಅದೇ ಪತ್ರಿಕೆಯಲ್ಲಿ, ಕೆಲವೇ ತಿಂಗಳುಗಳ ಬಳಿಕ, 1974ರ ಫೆಬ್ರವರಿಯ 129ನೆಯ ಸಂಚಿಕೆಯಲ್ಲಿ ಪನಿಷರನನ್ನು ತಂದರು. ಎದೆಯ ಮೇಲೆ ಬಿಳಿಯ ತಲೆಬುರುಡೆ, ಕೈಯಲ್ಲಿ ಬಂದೂಕು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕ. ಪಾತಕಿಗಳ ಗುಂಪೊಂದು ಉದ್ಯಾನದಲ್ಲಿ ತನ್ನ ಹೆಂಡತಿ ಮಕ್ಕಳನ್ನು ಕೊಂದಿತೆಂಬ ಕಾರಣಕ್ಕೆ ಪಾತಕಿಗಳೆಲ್ಲರನ್ನೂ ಕೊಲ್ಲಲು ಹೊರಟವನು ಎಂಬ ಪೂರ್ವಕಥೆ ಮುಂದೆ ಸೇರಿಕೊಂಡಿತು. ಈತನ ಅಭಿಮಾನಿಗಳು ಮರೆತಿರುವ, ಅಥವಾ ಮರೆಯಬಯಸುವ, ಒಂದು ಸಂಗತಿಯನ್ನು ಓದುಗರು ದಯವಿಟ್ಟು ಗಮನಿಸಬೇಕು. ಆ ಮೊದಲ ಸಂಚಿಕೆಯಲ್ಲಿ ಪನಿಷರ್ ಕೊಲ್ಲಲು ಬಂದುದು ಯಾರನ್ನು? ಸ್ಪೈಡರ್‌ಮ್ಯಾನನನ್ನು. ಯಾವ ಅಪರಾಧಕ್ಕಾಗಿ? ನಾರ್ಮನ್ ಆಸ್ಬಾರ್ನ್, ಅಂದರೆ ಅದೇ ಗ್ರೀನ್ ಗಾಬ್ಲಿನ್, ಸತ್ತ ಅಪರಾಧಕ್ಕಾಗಿ. ಕೊಲ್ಲದೆ ಕೈ ತಡೆದವನನ್ನು, ಕೊಂದನೆಂಬ ಸುಳ್ಳು ಆರೋಪವನ್ನು ನಂಬಿ, ಮತ್ತೊಬ್ಬ ಖಳನ ಚಾಡಿಗೆ ಕಿವಿಗೊಟ್ಟು ಕೊಲ್ಲಲು ಬಂದವನು ಈ ಮಹಾವೀರ ದಂಡಧರ! ಅವನ ವೃತ್ತಿಜೀವನದ ಮೊದಲ ತೀರ್ಪೇ ತಪ್ಪು. ಆ ದಿನ ಅವನ ಗುರಿ ಫಲಿಸಿದ್ದರೆ ಹೆಣವನ್ನು ಮರಳಿ ಎಬ್ಬಿಸಲು ಯಾವ ಮೇಲ್ಮನವಿಯೂ ಇರುತ್ತಿರಲಿಲ್ಲ.

ಇದಕ್ಕೆ ಅವನ ಪಕ್ಷದವರು ಕೊಡುವ ಉತ್ತರ 'ವಾಸ್ತವಿಕತೆ'. ಲೋಕ ಕ್ರೂರವಾಗಿದೆ, ನ್ಯಾಯಾಲಯಗಳು ನಿಧಾನ, ಕೆಟ್ಟವನನ್ನು ಕೊಂದರೇ ಕೆಲಸ ಮುಗಿಯುವುದು, ಕೊಲ್ಲೆನೆಂಬ ವೀರ ಮಕ್ಕಳ ಕಥೆಗೆ ಸೈ, ಎಂದು ಅವರ ವಾದ. ಈ ವಾಸ್ತವಿಕತೆ ಎಂತಹುದೆಂದು ತುಸು ಪರಿಶೀಲಿಸೋಣ. ನಂತರದ ನೂರಾರು ಸಂಚಿಕೆಗಳಲ್ಲಿ ಈತ ಕೊಂದವರೆಲ್ಲರೂ ಹೆಚ್ಚುಕಡಿಮೆ ಅಪರಾಧಿಗಳೇ. ಏಕೆ? ಲೇಖಕನು ಹಾಗೆ ಏರ್ಪಡಿಸಿಕೊಟ್ಟಿದ್ದಾನೆ, ಅದಕ್ಕೆ. ಗುಂಡು ಹಾರುವ ಮುನ್ನ ಎದುರಿನವನ ಪಾಪವನ್ನು ನಮಗೆ ಎರಡು ಪುಟಗಳಲ್ಲಿ ತೋರಿಸಲಾಗಿರುತ್ತದೆ. ನಿಜಜೀವನದಲ್ಲಿ ಆ ಎರಡು ಪುಟಗಳನ್ನು ಯಾರು ಬರೆದುಕೊಡುತ್ತಾರೆ? ದೂರುದಾರನೂ ಸಾಕ್ಷಿಯೂ ನ್ಯಾಯಾಧೀಶನೂ ಗಲ್ಲಿಗೇರಿಸುವವನೂ ಒಬ್ಬನೇ ಆಗಿರುವ ವ್ಯವಸ್ಥೆಯನ್ನು ವಾಸ್ತವಿಕವೆಂದು ಹೊಗಳುವವರು, ತಮ್ಮ ಅಂಗಡಿಯಲ್ಲಿ ರೋಕಡಿ ಬರೆಯುವ ಗುಮಾಸ್ತನೇ ಲೆಕ್ಕ ತಪಾಸಣೆಯನ್ನೂ ಮಾಡಿ ಸಹಿ ಹಾಕಲಿ ಎಂದರೆ ಒಪ್ಪುವರೇ? ಹತ್ತು ರೂಪಾಯಿಯ ಚೀಟಿಗೆ ಬೇಡುವ ಎಚ್ಚರಿಕೆಯನ್ನು ಮನುಷ್ಯನ ಪ್ರಾಣಕ್ಕೆ ಬೇಡವೆನ್ನುವುದು ಯಾವ ಸೀಮೆಯ ವಾಸ್ತವಿಕತೆ?

ಕೆಡುಕು ಕಥೆಯಲ್ಲಿಯೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಇರಾಕ್ ಯುದ್ಧದಲ್ಲಿ ಅಮೆರಿಕದ ನೌಕಾಪಡೆಯ ವಿಶೇಷ ತುಕಡಿಯೊಂದು ಆ ತಲೆಬುರುಡೆಯನ್ನು ತನ್ನ ಚಿಹ್ನೆಯಾಗಿ ಬಳಿದುಕೊಂಡಿತು. 2017ರಲ್ಲಿ ಕೆಂಟಕಿ ರಾಜ್ಯದ ಒಂದು ಸಣ್ಣ ಊರಿನ ಪೊಲೀಸರು ತಮ್ಮ ವಾಹನಗಳ ಮೇಲೆ ಅದನ್ನು ಅಂಟಿಸಿ, ಟೀಕೆ ಬಂದ ಮೇಲೆ ತೆಗೆದರು. 2021ರ ಜನವರಿ 6ರಂದು ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ನುಗ್ಗಿದ ಗುಂಪಿನಲ್ಲಿಯೂ ಅದು ಕಾಣಿಸಿತು. ನಮ್ಮ ಊರುಗಳಲ್ಲಿಯೂ ಬೈಕುಗಳ ಮೇಲೆ, ಅಂಗಿಗಳ ಮೇಲೆ ಅದೇ ಬುರುಡೆಯನ್ನು ಕಾಣುತ್ತೇವೆ. ಹಾಕಿಕೊಂಡ ಬಹುಪಾಲು ತರುಣರಿಗೆ ಅದರ ಕಥೆ ಗೊತ್ತಿಲ್ಲವೆಂಬುದಷ್ಟೇ ಸಮಾಧಾನ. ಸೃಷ್ಟಿಕರ್ತರಾದ ಕಾನ್ವೇಯವರೇ ಪೊಲೀಸರು ಅದನ್ನು ಧರಿಸುವುದನ್ನು ಬಹಿರಂಗವಾಗಿ ಆಕ್ಷೇಪಿಸಿದರು. 2019ರ ಸಂಚಿಕೆಯೊಂದರಲ್ಲಿ ಸ್ವತಃ ಪನಿಷರನೇ ತನ್ನ ಅಭಿಮಾನಿಗಳಾದ ಇಬ್ಬರು ಪೊಲೀಸರ ವಾಹನದಿಂದ ಆ ಚಿಹ್ನೆಯನ್ನು ಕಿತ್ತು, ನಿಮಗೆ ಆದರ್ಶ ಬೇಕಿದ್ದರೆ ಕ್ಯಾಪ್ಟನ್ ಅಮೆರಿಕನನ್ನು ನೋಡಿ ಎಂಬರ್ಥದ ಮಾತನಾಡುತ್ತಾನೆ. 2022ರಲ್ಲಿ ಪ್ರಕಾಶಕರು ಹೊಸ ಕಥಾಸರಣಿಯೊಂದರಲ್ಲಿ ಬುರುಡೆಗೆ ಕೊಂಬು ಮೂಡಿಸಿ ರೂಪ ಬದಲಿಸಿ ನೋಡಿದರು. ತಾನು ಬರೆದ ಹುಂಡಿ ತನಗೇ ತಿರುಗಿ ಬಂದಾಗ ಸಹಿಯ ಶೈಲಿಯನ್ನು ಬದಲಿಸಿದಂತಾಯಿತು ಅದು.

ಈ ಪತ್ರಿಕೆಯ ಓದುಗರಿಗೆ ಸಂಕಲ್ಪೀ ಹಿಂಸೆಗೂ ವಿರೋಧೀ ಹಿಂಸೆಗೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ. ಮೇಲೆ ಬಿದ್ದವನನ್ನು ತಡೆಯುವಾಗ ಆಗುವ ಹಿಂಸೆ ಗೃಹಸ್ಥನಿಗೆ ಅನಿವಾರ್ಯವಾಗಬಹುದು. ರಾತ್ರಿ ಪಟ್ಟಿ ಹಿಡಿದು, ನಿದ್ರಿಸುವವನನ್ನೂ ಓಡುವವನನ್ನೂ ಹುಡುಕಿಕೊಂಡು ಹೋಗಿ ಕೊಲ್ಲುವುದನ್ನು ಯಾವ ತರ್ಕದಿಂದಲೂ ಈ ಎರಡನೆಯ ಬಾಬಿಗೆ ಹಾಕಲಾಗದು.

ಇಲ್ಲಿ ಬ್ಯಾಟ್‌ಮ್ಯಾನನ ಹೆಸರು ಅನಿವಾರ್ಯವಾಗಿ ಬರುತ್ತದೆ. 1939ರ ಮೇ ತಿಂಗಳಲ್ಲಿ ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಸೃಷ್ಟಿಸಿದ ಈ ವೀರ (ಫಿಂಗರ್ ಅವರ ಹೆಸರಿಗೆ ಅಧಿಕೃತ ಮನ್ನಣೆ ದೊರೆತದ್ದು ಅವರು ತೀರಿಕೊಂಡು 41 ವರ್ಷಗಳ ಮೇಲೆ, 2015ರಲ್ಲಿ!) ಆರಂಭದಲ್ಲಿ ಕೊಲೆಗೆ ಹೇಸುತ್ತಿರಲಿಲ್ಲ. ಮೊದಲ ಕಥೆಯಲ್ಲಿಯೇ ಅಪರಾಧಿಯೊಬ್ಬ ಇವನ ಏಟಿಗೆ ಆಮ್ಲದ ತೊಟ್ಟಿಗೆ ಬಿದ್ದು ಸಾಯುತ್ತಾನೆ; 1940ರಲ್ಲಿ ವಿಮಾನದಿಂದ ಲಾರಿಯೊಂದರ ಮೇಲೆ ಗುಂಡಿನ ಮಳೆಗರೆಯುತ್ತಾನೆ. ಆಮೇಲೆ ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಅವರು ಇನ್ನು ಕೊಲೆಯೂ ಬೇಡ, ಬಂದೂಕೂ ಬೇಡವೆಂದು ಕಟ್ಟಳೆ ಮಾಡಿದರು. ಕಾರಣ ಧರ್ಮಬುದ್ಧಿಯೋ ವ್ಯಾಪಾರಬುದ್ಧಿಯೋ, ಇರಲಿ; ಈ ಪಾತ್ರಕ್ಕೆ ಬೆನ್ನೆಲುಬು ಬಂದುದು ಆ ಕಟ್ಟಳೆಯಿಂದ ಎಂಬುದು ನಿಸ್ಸಂಶಯ.

ಆದರೆ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕಬಾರದು. ಜೋಕರ್ ಎಂಬ ಖಳ ಸೆರೆಯಿಂದ ಮತ್ತೆ ಮತ್ತೆ ತಪ್ಪಿಸಿಕೊಂಡು ಬಂದು ನಿರಪರಾಧಿಗಳನ್ನು ಕೊಲ್ಲುತ್ತಾನೆ. ಅವನನ್ನು ಕೊಲ್ಲದೆ ಬಿಟ್ಟ ಬ್ಯಾಟ್‌ಮ್ಯಾನ್ ಆ ಸಾವುಗಳಲ್ಲಿ ಪಾಲುದಾರನಲ್ಲವೇ? ಕೇಳಲು ಬಲವಾದ ಪ್ರಶ್ನೆ. ಆದರೆ ಲೆಕ್ಕವನ್ನು ಮೂಲದಿಂದ ನೋಡಬೇಕು. 1940ರ 'ಬ್ಯಾಟ್‌ಮ್ಯಾನ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿಯೇ ಜೋಕರ್ ಸಾಯಬೇಕಿತ್ತು. ತನ್ನದೇ ಚೂರಿ ಎದೆಗೆ ನಾಟಿ ಬಿದ್ದಿದ್ದ. ಇಂಥ ಒಳ್ಳೆಯ ಖಳನನ್ನು ಕಳೆದುಕೊಳ್ಳಬಾರದೆಂದು ಅದೇ ಸಂಪಾದಕರು ಕೊನೆಯ ಗಳಿಗೆಯಲ್ಲಿ ಒಂದು ಚೌಕವನ್ನು ಸೇರಿಸಿ ಅವನನ್ನು ಬದುಕಿಸಿದರು. ಅಂದಿನಿಂದ ಜೋಕರನನ್ನು ಬದುಕಿಸುತ್ತ ಬಂದಿರುವುದು ಬ್ಯಾಟ್‌ಮ್ಯಾನನ ವ್ರತವಲ್ಲ, ಪ್ರಕಾಶಕರ ಮಾರಾಟದ ಪುಸ್ತಕ. ಖಳನನ್ನು ಗಂಟೆಗೊಮ್ಮೆ ಸೆರೆಯಿಂದ ಬಿಡಿಸುವವನು ಲೇಖಕ. ಬಿಡಿಸಿದ ಮೇಲೆ ಕೊಲ್ಲದವನನ್ನು ಹೇಡಿಯೆನ್ನುವವನು ಓದುಗ. ನಡುವೆ ವ್ರತಕ್ಕೆ ಬೈಗುಳ. ಅಪರಾಧಿಯನ್ನು ಹಿಡಿದು ನ್ಯಾಯಾಲಯಕ್ಕೆ ಒಪ್ಪಿಸಿದವನ ಕೆಲಸ ಅಲ್ಲಿಗೆ ಮುಗಿಯಿತು. ಸೆರೆಮನೆಯ ಬಾಗಿಲು ಸಡಿಲವಾಗಿದ್ದರೆ ಬಾಗಿಲನ್ನು ರಿಪೇರಿ ಮಾಡಿಸಬೇಕು. ಹಾಗೆಂದು ಬ್ಯಾಟ್‌ಮ್ಯಾನನನ್ನು ನಾನು ಮೇಲಿನ ಪಂಕ್ತಿಯಲ್ಲಿ ಕೂರಿಸಲಾರೆ. ಭಯವನ್ನೇ ಬಂಡವಾಳ ಮಾಡಿಕೊಂಡವನು, ಮೇಲಾಗಿ ಎಳೆಯ ಹುಡುಗರನ್ನು ತನ್ನ ಕಾಳಗಕ್ಕೆ ಎಳೆದವನು. ಆ ವಿಷಯಕ್ಕೆ ಮರಳಿ ಬರುತ್ತೇನೆ.

ನನ್ನ ವಾದಕ್ಕೆ ನಿಜವಾಗಿ ಕಷ್ಟ ಕೊಡುವ ಕಥೆ ವಂಡರ್ ವುಮನ್ ಎಂಬ ವೀರವನಿತೆಯದು. ಮನಶ್ಶಾಸ್ತ್ರಜ್ಞ ವಿಲಿಯಂ ಮಾರ್ಸ್ಟನ್ 1941ರಲ್ಲಿ ಸೃಷ್ಟಿಸಿದ ಆಕೆಯ ಮುಖ್ಯ ಆಯುಧ, ಕಟ್ಟಿದವರಿಂದ ಸತ್ಯವನ್ನು ನುಡಿಸುವ ಹಗ್ಗ. 2005ರ ಒಂದು ಕಥೆಯಲ್ಲಿ ಮ್ಯಾಕ್ಸ್‌ವೆಲ್ ಲಾರ್ಡ್ ಎಂಬವನು ಸೂಪರ್‌ಮ್ಯಾನನ ಮನಸ್ಸನ್ನೇ ವಶಪಡಿಸಿಕೊಂಡು ಕೊಲೆಗೆ ಹಚ್ಚುತ್ತಾನೆ. ಇವನನ್ನು ತಡೆಯುವುದು ಹೇಗೆಂದು ಹಗ್ಗದಲ್ಲಿ ಕಟ್ಟಿ ಕೇಳಿದರೆ, ತನ್ನನ್ನು ಕೊಲ್ಲದೆ ಬೇರೆ ದಾರಿಯಿಲ್ಲವೆನ್ನುತ್ತಾನೆ, ಮತ್ತು ಅದು ಸತ್ಯ. ಆಕೆ ಅವನ ಕತ್ತು ಮುರಿಯುತ್ತಾಳೆ. ಇದನ್ನು ನಾನು ಪನಿಷರನ ಪಕ್ಕದಲ್ಲಿ ಇಡುವುದಿಲ್ಲ. ಆದರೂ ಗಮನಿಸಿ: ಕೊಲ್ಲುವುದನ್ನು ಸಮರ್ಥಿಸಲು ಲೇಖಕರಿಗೆ ಸುಳ್ಳಾಡಲಾಗದ ಮಾಯಾಹಗ್ಗವೊಂದು ಬೇಕಾಯಿತು! ಅಷ್ಟಿದ್ದರೂ ಆ ದೃಶ್ಯ ಲೋಕಕ್ಕೆಲ್ಲ ಪ್ರಸಾರವಾಗಿ ಆಕೆಯ ಸ್ನೇಹಿತರೇ ದೂರವಾಗುತ್ತಾರೆ. ಕಥೆ ತನ್ನ ವೆಚ್ಚವನ್ನು ಮುಚ್ಚಿಡಲಿಲ್ಲ. ಅದರ ಪ್ರಾಮಾಣಿಕತೆ ಅಲ್ಲಿದೆ.

ಸೂಪರ್‌ಮ್ಯಾನನನ್ನು ಸಪ್ಪೆಯೆಂದು ಹಳಿಯುವುದು ಈಗ ಬುದ್ಧಿವಂತಿಕೆಯ ಲಕ್ಷಣವಾಗಿದೆ. ಒಳ್ಳೆಯತನ ಸಪ್ಪೆಯಂತೆ! 1938ರ ಜೂನ್ ತಿಂಗಳ ಮೊದಲ ಕಥೆಯಲ್ಲಿ ಅವನು ಮಾಡಿದ ಕೆಲಸಗಳನ್ನು ನೋಡಿ: ನಿರಪರಾಧಿ ಹೆಂಗಸೊಬ್ಬಳನ್ನು ಮರಣದಂಡನೆಯಿಂದ ಪಾರುಮಾಡಿದ, ಹೆಂಡತಿಯನ್ನು ಬಡಿಯುವವನನ್ನು ತಡೆದ, ಲಂಚದ ಜಾಡು ಹಿಡಿದು ರಾಜಧಾನಿಗೆ ಹೋದ. ನ್ಯಾಯವನ್ನು ಇಷ್ಟು ಬಯಸಿದ ವೀರನನ್ನು ಸೃಷ್ಟಿಸಿದ ಜೆರಿ ಸೀಗಲ್ ಮತ್ತು ಜೋ ಶೂಸ್ಟರ್ ಎಂಬ ಕ್ಲೀವ್‌ಲ್ಯಾಂಡಿನ ತರುಣರಿಗೆ ಸಿಕ್ಕ ನ್ಯಾಯ, ಸಮಸ್ತ ಹಕ್ಕುಗಳಿಗೆ 130 ಡಾಲರ್. ಆ ಮೊತ್ತವಿದ್ದ ಚೆಕ್ಕಿನ ಕಾಗದವೇ 2012ರ ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತು. ವ್ಯಾಪಾರದಲ್ಲಿ ಇದನ್ನು ಲಾಭವೆನ್ನಬಹುದು. ನ್ಯಾಯವೆನ್ನಲು ನಾಲಿಗೆ ಏಳದು.

ಇವನ ಕೈಯಿಂದಲೂ ಕೊಲೆ ಮಾಡಿಸಿದವರಿದ್ದಾರೆ. 1988ರಲ್ಲಿ ಜಾನ್ ಬರ್ನ್ ಬರೆದ ಕಥೆಯಲ್ಲಿ ಅವನು ಮೂವರು ಮಹಾಪಾತಕಿಗಳನ್ನು ಕೊಲ್ಲುತ್ತಾನೆ; ಮುಂದಿನ ಕಥೆಗಳಲ್ಲಿ ಆ ಹೊರೆಯನ್ನು ತಾಳಲಾರದೆ ಭೂಮಿಯನ್ನೇ ತೊರೆದು ಹೋಗುತ್ತಾನೆ. 2013ರ ಚಲನಚಿತ್ರದಲ್ಲಿ ಕತ್ತು ಮುರಿದು ಒಮ್ಮೆ ಚೀರುತ್ತಾನೆ, ಚಿತ್ರ ಮುಂದೆ ಸಾಗುತ್ತದೆ. ಇದಕ್ಕೆ ತಕ್ಕ ಉತ್ತರ 2001ರಲ್ಲಿಯೇ ಬಂದಿತ್ತು. ಜೋ ಕೆಲಿ ಬರೆದ, 'ಆಕ್ಷನ್ ಕಾಮಿಕ್ಸ್' ಪತ್ರಿಕೆಯ 775ನೆಯ ಸಂಚಿಕೆಯಲ್ಲಿ ಪಾತಕಿಗಳನ್ನು ಕೊಂದು ಜನಪ್ರಿಯರಾದ ನಾಲ್ವರು ಹೊಸ ವೀರರು ಸೂಪರ್‌ಮ್ಯಾನನನ್ನು ಹಳೆಯ ಕಾಲದವನೆಂದು ಹೀಯಾಳಿಸುತ್ತಾರೆ. ಕೊನೆಗೆ ಅವನು ಅವರದೇ ಮಾರ್ಗದಲ್ಲಿ ನಡೆದಂತೆ, ಒಬ್ಬೊಬ್ಬರನ್ನಾಗಿ ಕೊಂದಂತೆ ನಟಿಸಿ, ಕೊಲ್ಲುವ ಸೂಪರ್‌ಮ್ಯಾನ್ ಹೇಗಿರುತ್ತಾನೆಂಬುದನ್ನು ಕಣ್ಣಿಗೆ ಕಟ್ಟಿಸುತ್ತಾನೆ. ಆ ಪುಟಗಳನ್ನು ಓದುವಾಗ ಭಯವಾಗುತ್ತದೆ. ಆಮೇಲೆ ನಾಲ್ವರೂ ಬದುಕಿದ್ದಾರೆಂದು ತಿಳಿಯುತ್ತದೆ.

ಆದರೆ ಸೂಪರ್‌ಮ್ಯಾನನ ಸಮಸ್ತ ಸಾಹಸಗಳಿಗಿಂತ ನನಗೆ ಮಿಗಿಲಾಗಿ ತೋರುವುದು ಒಂದೇ ಒಂದು ಪುಟ. ಗ್ರಾಂಟ್ ಮಾರಿಸನ್ ಮತ್ತು ಫ್ರಾಂಕ್ ಕ್ವೈಟ್ಲಿಯವರ 'ಆಲ್ ಸ್ಟಾರ್ ಸೂಪರ್‌ಮ್ಯಾನ್' ಮಾಲಿಕೆಯ 10ನೆಯ ಸಂಚಿಕೆ, 2008. ತಾನೇ ಸಾಯುತ್ತಿರುವ ಸೂಪರ್‌ಮ್ಯಾನ್ ಉಳಿದ ಕೆಲಸಗಳನ್ನು ಒಂದೊಂದಾಗಿ ಮುಗಿಸುತ್ತಿದ್ದಾನೆ. ಎತ್ತರದ ಕಟ್ಟಡದ ಅಂಚಿನಲ್ಲಿ ಹುಡುಗಿಯೊಬ್ಬಳು ಹಾರಲು ನಿಂತಿದ್ದಾಳೆ. ಅವನು ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟು, ನಿನ್ನ ವೈದ್ಯರು ಬರಲಾಗದೆ ತಡವಾದದ್ದು ನಿಜವೆಂದೂ, ನೀನು ಎಣಿಸಿರುವುದಕ್ಕಿಂತ ನೀನು ಗಟ್ಟಿಗಳೆಂದೂ ಹೇಳುತ್ತಾನೆ. ಅವಳು ಅವನನ್ನು ಅಪ್ಪಿಕೊಳ್ಳುತ್ತಾಳೆ. ಗ್ರಹಗಳನ್ನು ಎತ್ತಬಲ್ಲ ಕೈಗೆ ಇಲ್ಲಿ ಅದಕ್ಕಿಂತ ಹೆಚ್ಚಿನ ಕೆಲಸವಿಲ್ಲ. ಸ್ಪೈಡರ್‌ಮ್ಯಾನನಿಗೂ ಇಂತಹುದೊಂದು ಕಥೆಯಿದೆ: 1984ರ ಜನವರಿಯ 248ನೆಯ ಸಂಚಿಕೆಯಲ್ಲಿ, ತನ್ನ ವಿಷಯದ ಪತ್ರಿಕಾ ತುಣುಕುಗಳನ್ನೆಲ್ಲ ಕೂಡಿಟ್ಟ ಬಾಲಕನೊಬ್ಬನ ಕೋಣೆಗೆ ರಾತ್ರಿ ಬಂದು, ಅವನೊಡನೆ ಹರಟಿ, ಯಾರಿಗೂ ತೋರದ ಮುಖವನ್ನು ಮುಸುಕು ತೆಗೆದು ತೋರಿಸಿ ಹೋಗುತ್ತಾನೆ. ಹೊರಗೆ ಬಂದ ಮೇಲೆ ಅದು ಕ್ಯಾನ್ಸರ್ ಚಿಕಿತ್ಸಾಲಯವೆಂದು ಫಲಕದಿಂದ ತಿಳಿಯುತ್ತದೆ. ಹುಡುಗನಿಗೆ ಉಳಿದಿರುವುದು ಕೆಲವೇ ವಾರಗಳು.

ಹಾಗಾದರೆ ಕೆಟ್ಟ ಕಾಮಿಕ್ಸ್‌ಗಳನ್ನು ನಿಷೇಧಿಸಬೇಕೇ? ಬೇಡ. ಅಮೆರಿಕದಲ್ಲಿ 1954ರಲ್ಲಿ ಪ್ರಕಾಶಕರೇ ಹೇರಿಕೊಂಡ ನಿಯಮಾವಳಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇದ್ದು 2011ರಲ್ಲಿ ಅಳಿಯಿತು. 1971ರಲ್ಲಿ ಮಾದಕದ್ರವ್ಯದ ಕೆಡುಕನ್ನು ತೋರಿಸುವ ಸ್ಪೈಡರ್‌ಮ್ಯಾನ್ ಕಥೆಯನ್ನು ಸರ್ಕಾರಿ ಇಲಾಖೆಯೇ ಬರೆಯಿಸಿದರೂ ಈ ನಿಯಮಾವಳಿ ಮುದ್ರೆಯೊತ್ತಲು ಒಪ್ಪಲಿಲ್ಲ; ಪತ್ರಿಕೆ ಮುದ್ರೆಯಿಲ್ಲದೆಯೇ ಹೊರಬಂದಿತು. ವಿವೇಕದ ಕೆಲಸವನ್ನು ಮುದ್ರೆಗೆ ಒಪ್ಪಿಸಿದರೆ ಆಗುವುದೇ ಹೀಗೆ. ಕೊಳ್ಳುವವನೇ ನೋಡಿ ಕೊಳ್ಳಬೇಕು.

ಆದರೆ ಕೊಳ್ಳುವವನು ಎಂತಹವನೆಂಬುದಕ್ಕೆ, ಮೇಲೆ ಹೇಳಿ ಬಿಟ್ಟ ಬ್ಯಾಟ್‌ಮ್ಯಾನನ ಹುಡುಗರ ವಿಷಯಕ್ಕೆ ಬರಬೇಕು. ಜೇಸನ್ ಟಾಡ್ ಅವನ ಎರಡನೆಯ ಸಹಾಯಕ ಬಾಲಕ. ಸಿಡುಕಿನವನಾದ ಅವನನ್ನು ಓದುಗರು ಅಷ್ಟಾಗಿ ಮೆಚ್ಚಿರಲಿಲ್ಲ. 1988ರ ಸೆಪ್ಟೆಂಬರಿನಲ್ಲಿ ಪ್ರಕಾಶಕರು ಜೋಕರ್ ಅವನನ್ನು ಬಡಿದು ಬಾಂಬು ಸಿಡಿಸುವಲ್ಲಿಗೆ ಕಥೆಯನ್ನು ನಿಲ್ಲಿಸಿ, ಎರಡು ದೂರವಾಣಿ ಸಂಖ್ಯೆಗಳನ್ನು ಅಚ್ಚು ಹಾಕಿದರು. ಹುಡುಗ ಬದುಕಲಿ ಎನ್ನುವವರಿಗೆ ಒಂದು, ಸಾಯಲಿ ಎನ್ನುವವರಿಗೆ ಮತ್ತೊಂದು. ಒಂದು ಕರೆಗೆ 50 ಸೆಂಟು. 36 ಗಂಟೆಗಳಲ್ಲಿ 10,614 ಕರೆಗಳು ಬಂದವು. ಬದುಕಲಿ ಎಂದವು 5,271. ಸಾಯಲಿ ಎಂದವು 5,343. ಅಂತರ 72. ಮುಂದಿನ ಸಂಚಿಕೆಯಲ್ಲಿ ಬ್ಯಾಟ್‌ಮ್ಯಾನ್ ಹುಡುಗನ ಶವವನ್ನು ಎತ್ತಿಕೊಂಡು ಬರುವ ಚಿತ್ರವಿದೆ. ಕಾಗದದ ಮೇಲಿನ ಬಾಲಕ, ನಿಜ. ಯಾರ ರಕ್ತವೂ ಹರಿಯಲಿಲ್ಲ. ಆದರೆ ಕೈಯಿಂದ ಕಾಸು ಕೊಟ್ಟು ಸಾಯಲಿ ಎಂದದ್ದು ಕಾಗದದ ಮನುಷ್ಯರಲ್ಲ.

2005ರಲ್ಲಿ ಪ್ರಕಾಶಕರು ಆ ಹುಡುಗನನ್ನು ಮತ್ತೆ ಬದುಕಿಸಿದರು. ಮರಳಿ ಬಂದವನ ಎರಡು ಕೈಯಲ್ಲಿಯೂ ಬಂದೂಕುಗಳಿದ್ದವು. ಹೆಸರು 'ರೆಡ್ ಹುಡ್'. ಪಾತಕಿಗಳನ್ನು ಕೊಲ್ಲುವುದೇ ಅವನ ಮಾರ್ಗ, ಕೊಲ್ಲದ ಗುರುವಿನ ಮೇಲೆ ಅವನ ಸಿಟ್ಟು. 2011ರಿಂದ ಅವನ ಹೆಸರಿನಲ್ಲಿಯೇ ಒಂದು ಪತ್ರಿಕೆಯೂ ಹೊರಟಿತು.